ನುಂಗದ ಗುಟುಕು

ನಾನು ಹೈದರಾಬಾದಿನಿಂದ ಶಹಾಪುರಕ್ಕೆ ಬಂದಾಗಲೆಲ್ಲ ಅವ್ವ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತಿದ್ದಳು. ಒಳಗಿನಿಂದ ರೊಟ್ಟಿ ತುಣುಕು, ತಂಬಿಗೆ ನೀರು ತಂದು, ಮುಖದ ಸುತ್ತ ನಿವಾಳಿಸಿ, ತುಣುಕುಗಳನ್ನು ಎಡಕ್ಕೂ ಬಲಕ್ಕೂ ಒಗೆದ ಮೇಲೆಯೇ ಒಳಗೆ ಬಿಡುವುದು ನಮ್ಮ ಕಡೆಯ ರೂಢಿ. ದೂರದಿಂದ ಬಂದವರಿಗೆ ದಾರಿಯ ದೃಷ್ಟಿ ತಗುಲಿರುತ್ತದೆ ಎಂಬ ನಂಬಿಕೆ. ಇದೆಲ್ಲ ಮೂಢನಂಬಿಕೆ ಎಂದು ನಮ್ಮ ಓಣಿಯ ಬುದ್ಧವಿಹಾರದಲ್ಲಿ ಹೇಳುತ್ತಾರೆ. ಅವ್ವ ಅಲ್ಲಿ ಹೌದೆಂದು ತಲೆಯಾಡಿಸಿ, ಮನೆಗೆ ಬಂದು ತನಗೆ ಬೇಕಾದ್ದನ್ನೇ ಮಾಡುವವಳು. ಆದರೆ ಅವಳು ಈ ಕೆಲಸವನ್ನು ಬೇರೆಯವರಿಗಿಂತ ಹೆಚ್ಚು ಹತ್ತಿರ ನಿಂತು ಮಾಡುತ್ತಿದ್ದಳು. ನಿವಾಳಿಸುತ್ತ ನಿವಾಳಿಸುತ್ತ ಮುಖವನ್ನು ನನ್ನ ಮುಖದ ಬಳಿ ತಂದು, "ಬಸ್ಸಿನಾಗ ಸೀಟು ಸಿಕ್ಕಿತ್ತೇನು?" ಎಂದು ಕೇಳುವಳು. ಉತ್ತರ ಕೊಡಲು ನಾನು ಬಾಯಿ ತೆರೆಯಲೇಬೇಕಲ್ಲ. ಸೀಟಿನ ಸುದ್ದಿ ಅವಳಿಗೆ ಬೇಕಿರಲಿಲ್ಲ. ಅವಳು ನನ್ನ ಬಾಯಿಯ ವಾಸನೆ ನೋಡುತ್ತಿದ್ದಳು.

ನನಗೆ ಅದು ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಇಬ್ಬರೂ ಬಸ್ಸಿನ ಸೀಟಿನ ಬಗ್ಗೆಯೇ ಮಾತಾಡುತ್ತ ಒಳಗೆ ಹೋಗುತ್ತಿದ್ದೆವು.

ನನ್ನ ಕೆಲಸವೇ ಹಾಗಿತ್ತು. ಹೈದರಾಬಾದಿನ ಒಂದು ಆಫೀಸಿನಲ್ಲಿ ಮದ್ಯದ ರುಚಿ ನೋಡಿ ಅಭಿಪ್ರಾಯ ಬರೆಯುವ ನೌಕರಿ. ಅಮೆರಿಕದಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳ ಜೊತೆಗೆ ಸಣ್ಣ ಸಣ್ಣ ಭಟ್ಟಿಗಳೂ ಇವೆ. ಗಂಡ ಹೆಂಡತಿ ಇಬ್ಬರೇ ಸೇರಿ ಹೊಲದ ಮೂಲೆಯ ಶೆಡ್ಡಿನಲ್ಲಿ ತಾಮ್ರದ ಹಂಡೆಯಿಟ್ಟು ವಿಸ್ಕಿಯನ್ನೋ ಬ್ರಾಂಡಿಯನ್ನೋ ಇಳಿಸುವಂಥವು. ಅಂಥ ಮಾಲನ್ನು ನಮ್ಮ ದೇಶಕ್ಕೆ ತರಿಸುವ ವ್ಯಾಪಾರಿಗಳು ಮೊದಲು ಸ್ಯಾಂಪಲ್ ತರಿಸಿ ನಮಗೆ ಕೊಡುತ್ತಿದ್ದರು. ಯಾರ ಮಾಲೆಂದು ನಮಗೆ ತಿಳಿಯಬಾರದೆಂದು ಪುಟ್ಟ ಶೀಶೆಗಳ ಮೇಲೆ ಬರೀ ನಂಬರು ಹಾಕಿರುತ್ತಿದ್ದರು. ಮೊದಲು ಮೂಸಬೇಕು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆಲ್ಲ ಆಡಿಸಬೇಕು. ಆಮೇಲೆ ಡಬ್ಬಿಗೆ ಉಗುಳಿ, ಅನ್ನಿಸಿದ್ದನ್ನು ಬರೆಯಬೇಕು. ನುಂಗುವ ಹಾಗಿಲ್ಲ. ನುಂಗುತ್ತ ಹೋದರೆ ಅರ್ಧ ಶೀಶೆಗಳು ಮುಗಿಯುವಷ್ಟರಲ್ಲಿ ಎಲ್ಲವೂ ಒಳ್ಳೆಯದೇ ಅನ್ನಿಸತೊಡಗುತ್ತದೆ, ಆಗ ಸಂಬಳ ಕೊಡುವವರು ಯಾಕೆ ಕೊಡುತ್ತಾರೆ?

ನನಗೆ ಇಂಥ ಮೂಗು ಇದೆಯೆಂದು ಮೊದಲು ಗುರುತಿಸಿದ್ದು ಕಡೇಚೂರಿನ ಒಂದು ಔಷಧ ಫ್ಯಾಕ್ಟರಿಯ ಮೇಲಧಿಕಾರಿ. ಡಿಗ್ರಿ ಮುಗಿಸಿ ಅಲ್ಲಿನ ಲ್ಯಾಬಿಗೆ ಸೇರಿದ್ದೆ. ಯಂತ್ರ ಹೇಳುವ ಮೊದಲೇ ಡ್ರಮ್ಮಿನ ಮುಚ್ಚಳ ತೆಗೆದು "ಇದು ಕೆಟ್ಟಿದೆ ಸಾರ್" ಎನ್ನುತ್ತಿದ್ದೆ. ಅವರೇ ಹೈದರಾಬಾದಿನ ಆಫೀಸಿಗೆ ನನ್ನ ಹೆಸರು ಹೇಳಿದರು. ಓಣಿಯವರ ಪಾಲಿಗೆ ನಾನು ಇವತ್ತಿಗೂ ಔಷಧ ಫ್ಯಾಕ್ಟರಿಯ ಹುಡುಗಿಯೇ. ಅವ್ವ ಅದನ್ನು ತಿದ್ದಲು ಹೋಗಲಿಲ್ಲ.

ತಿದ್ದದೇ ಇದ್ದುದಕ್ಕೆ ಕಾರಣ ಅಪ್ಪ. ಕೃಷ್ಣೆಯ ನೀರು ಕಾಲುವೆಗೆ ಬಂದ ಹೊಸತರಲ್ಲಿ ಅಪ್ಪನಿಗೆ ಸುರಪುರದ ಕಡೆಯ ಒಂದು ಕಿರುಗಾಲುವೆಯ ಗೇಟು ಕಾಯುವ ಕೆಲಸ ಸಿಕ್ಕಿತು. ಸರ್ಕಾರಿ ನೌಕರಿ, ಖಾಕಿ ಅಂಗಿ, ಕೈಯಲ್ಲಿ ಗೇಟಿನ ಕೀಲಿ. ಮೇಲಿನ ಹೊಲದವರು ಹಾಯಿಸಿಕೊಂಡ ಮೇಲೆ ನೀರು ಕಡೆಯ ಹೊಲಗಳವರೆಗೆ ಮುಟ್ಟುತ್ತಿರಲಿಲ್ಲ. ಕಡೆಯವರು ಬಂದು, "ಅಣ್ಣಾ, ಒಂದೀಟು ಗೇಟು ಎತ್ತೋ, ಬೆಳಿ ಒಣಗಾಕತ್ತಾವ" ಎನ್ನುವರು. ಅಪ್ಪ ಎತ್ತುವನು. ಅವನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಅವರಿಗೋ ಬರಿಗೈಯಲ್ಲಿ ಕೇಳಲು ಬರುತ್ತಿರಲಿಲ್ಲ. ಹೋಗುವಾಗ ಸರಾಯಿಯ ಒಂದು ಪಾಕೀಟನ್ನು ಅವನ ಜೇಬಿಗೆ ತುರುಕಿ ಹೋಗುವರು. ಲಂಚ ಎಂದು ಕೊಟ್ಟವರಿಗೂ ಅನ್ನಿಸಿರಲಿಲ್ಲ, ಇಸಿದುಕೊಂಡವನಿಗೂ ಅನ್ನಿಸಿರಲಿಲ್ಲ. ನೀರು ಬಿಟ್ಟವನಿಗೆ ಒಂದು ಪಾಕೀಟು ಎಂಬುದು ಆ ಕಾಲುವೆಯ ಉದ್ದಕ್ಕೂ ಮರ್ಯಾದೆಯಾಗಿ ನಡೆದುಬಂತು. ಮೊದಮೊದಲು ಅಪ್ಪ ಅದನ್ನು ತಂದು ಬೇರೆಯವರಿಗೆ ಹಂಚಿಬಿಡುತ್ತಿದ್ದನಂತೆ. ಆಮೇಲೆ ಕೊಟ್ಟವರ ಎದುರಿಗೆ ಕುಡಿಯದಿದ್ದರೆ ಅವರು ಮುನಿಸಿಕೊಳ್ಳುತ್ತಾರೆಂದು ಕುಡಿಯತೊಡಗಿದ. ಅದಾದ ಮೇಲೆ ಯಾರ ಮುನಿಸಿನ ನೆಪವೂ ಬೇಕಾಗಲಿಲ್ಲ.

ಅಪ್ಪ ಕೆಟ್ಟವನಾಗಿರಲಿಲ್ಲ, ಇದನ್ನು ಒತ್ತಿ ಹೇಳಬೇಕು. ಕುಡಿದು ಹೊಡೆದವನಲ್ಲ. ಮನೆಗೆ ಬಂದು ಬಾಗಿಲಲ್ಲಿ ನಿಂತು, "ಹನಿ ಮುಟ್ಟಿಲ್ಲ ಇವತ್ತ, ಬೇಕಾದ್ರ ಮೂಸಿ ನೋಡು" ಎನ್ನುವನು. ಮೂಸುವುದೇ ಬೇಕಿರಲಿಲ್ಲ, ಓಣಿಯ ತುದಿಯಿಂದಲೇ ಗೊತ್ತಾಗುತ್ತಿತ್ತು. ಅವ್ವ ಆದರೂ ಮೂಸುವಳು. ಹುಣ್ಣಿಮೆಯ ದಿನ ವಿಹಾರದಲ್ಲಿ ಎಲ್ಲರೂ ಸೇರಿ ಪಂಚಶೀಲ ಹೇಳುವಾಗ, ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎಂಬ ಐದನೆಯದಕ್ಕೆ ಬಂದಾಗ ಅಪ್ಪನ ದನಿಯೇ ಎಲ್ಲರಿಗಿಂತ ದೊಡ್ಡದಾಗಿರುತ್ತಿತ್ತು. ಅವನು ಆ ಗಳಿಗೆಯಲ್ಲಿ ಅದನ್ನು ಮನಸಾರೆ ಹೇಳುತ್ತಿದ್ದನೆಂದು ನಾನು ಈಗಲೂ ನಂಬುತ್ತೇನೆ. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಯಾದಗಿರಿಯ ದವಾಖಾನೆಯಲ್ಲಿ ತೀರಿಕೊಂಡ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಅವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ನನ್ನನ್ನು ಓದಿಸಿದಳು.

ಓದಿಸಿದ ಮಗಳು ಹೋಗಿ ಹಿಡಿದ ನೌಕರಿ ಇದು. ಮೊದಲ ಸಲ ಹೇಳಿದಾಗ ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಹೊತ್ತಿಸಿಬಿಟ್ಟಳು. ಖಾನಾವಳಿಯ ರೊಟ್ಟಿಯನ್ನು ಅವಳು ಹೊತ್ತಿಸಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ನಾವು ನುಂಗೂದಿಲ್ಲವ್ವ. ಬಾಯಾಗ ಹಾಕ್ಕೊಂಡು ಉಗುಳಿಬಿಡ್ತೀವಿ" ಎಂದೆ.

"ಬಾಯಾಗ ಹೋಗಿದ್ದನ್ನ ಯಾರು ಉಗುಳ್ತಾರ?"

"ಖರೇನ ಹೇಳಾಕತ್ತೇನಿ. ಹನಿ ಗಂಟಲದಾಗ ಇಳಿಯಂಗಿಲ್ಲ."

"ನಿಮ್ಮಪ್ಪನೂ ಹಿಂಗ ಅಂತಿದ್ದ," ಎಂದಳು ಅವ್ವ, ಹೊತ್ತಿದ ರೊಟ್ಟಿಯನ್ನು ಬದಿಗೆ ಒಗೆದು.

ಅಲ್ಲಿಗೆ ನನ್ನ ಮಾತು ಮುಗಿಯಿತು. ನನ್ನ ಬಾಯಿಂದ ಬರುವ ಪ್ರತಿಯೊಂದು ಸಮಜಾಯಿಷಿಯನ್ನೂ ಅಪ್ಪ ಮೊದಲೇ ಬಳಸಿ ಸವೆಸಿ ಇಟ್ಟುಹೋಗಿದ್ದ. ಹನಿ ಮುಟ್ಟಿಲ್ಲ ಎಂದರೂ ಅವನದೇ ಮಾತು, ಆಣೆ ಮಾಡಿದರೂ ಅವನದೇ ಆಣೆ. ನಾನು ನಿಜ ಹೇಳಿದಷ್ಟೂ ಅವ್ವನಿಗೆ ಹೆದರಿಕೆ ಹೆಚ್ಚುತ್ತಿತ್ತು. ಗಂಡನನ್ನು ತಿಂದದ್ದೇ ಈಗ ಮಗಳನ್ನು ಹಿಡಿದಿದೆ ಎಂದು ಅವಳು ತೀರ್ಮಾನಿಸಿದ್ದಳು. ನಾನು ಸ್ವಲ್ಪ ಸೊರಗಿ ಬಂದರೆ ಅದೇ ಕಾರಣ, ಊದಿಕೊಂಡು ಬಂದರೂ ಅದೇ. ನೌಕರಿ ಬಿಡು ಎಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಹೊಸ್ತಿಲಲ್ಲಿ ನಿಲ್ಲಿಸಿ ಮೂಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಬಸ್ಸು ಹತ್ತುವ ಮೊದಲು ಲವಂಗ ಅಗಿಯುವ ಆಸೆಯಾಗುತ್ತಿತ್ತು. ಆದರೆ ಲವಂಗ ಅಗಿದು ಬಂದರೆ ಮುಗಿದೇಹೋಯಿತು, ಅಪ್ಪನೂ ಲವಂಗ ಅಗಿಯುತ್ತಿದ್ದ.

ಹೀಗೇ ವರ್ಷಗಳು ಕಳೆದವು. ಒಂದು ಚಳಿಗಾಲದಲ್ಲಿ ಅವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರು ಹಾಕಿ, ಮಂಚ ಬಿಟ್ಟು ಇಳಿಯಕೂಡದೆಂದು ಡಾಕ್ಟರು ಹೇಳಿದರು. ನಾನು ರಜೆ ಹಾಕಿ ಬಂದೆ. ಆ ಸಲ ನಿವಾಳಿಸುವವರು ಯಾರೂ ಇರಲಿಲ್ಲ, ನೇರ ಒಳಗೆ ಹೋದೆ. ಅವ್ವ ಮಂಚದ ಮೇಲಿಂದಲೇ ಕೈಚಾಚಿ, "ಬಾ, ಹತ್ತರ ಬಾ" ಎಂದು ನನ್ನ ಮುಖ ಹಿಡಿದು ಬಗ್ಗಿಸಿಕೊಂಡು, ಬಸ್ಸಿನ ಸೀಟಿನ ಬಗ್ಗೆ ಕೇಳಿದಳು.

ರಜೆ ಬೆಳೆಯಿತು. ಆಫೀಸಿನವರು ಮೊದಲು ಒಳ್ಳೆಯ ಮಾತಾಡಿದರು, ಆಮೇಲೆ ಫೋನಿನ ಮೇಲೆ ಫೋನು ಮಾಡಿದರು. ಕಡೆಗೆ ಒಂದು ದಾರಿ ಹುಡುಕಿ, ಸ್ಯಾಂಪಲ್ ಶೀಶೆಗಳನ್ನೇ ಒಂದು ಡಬ್ಬದಲ್ಲಿ ತುಂಬಿ ಶಹಾಪುರಕ್ಕೆ ಕಳಿಸಿದರು. ಮನೆಯಲ್ಲೇ ಕೂತು ನೋಡಿ ಬರೆದು ಕಳಿಸಬೇಕು, ಇಲ್ಲವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದರು. ಅವ್ವನ ದುಡಿಮೆ ನಿಂತಿತ್ತು. ಮನೆ ನಡೆಯುತ್ತಿದ್ದುದು ನನ್ನ ಸಂಬಳದಿಂದ. ಡಬ್ಬವನ್ನು ಒಳಗೆ ತಂದಿಟ್ಟೆ. ಶೀಶೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಅವ್ವ ಆ ಸದ್ದು ಕೇಳಿ ಗೋಡೆಯ ಕಡೆ ಹೊರಳಿದಳು.

ನಮ್ಮದು ಒಂದು ಪಡಸಾಲೆ, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ಈ ಕೆಲಸ ಆಗುವಂಥದಲ್ಲ. ಬೆಳ್ಳುಳ್ಳಿ, ಶೇಂಗಾ ಹಿಂಡಿ, ಕೆಂಪು ಖಾರ, ಮೂವತ್ತು ವರ್ಷದ ಒಗ್ಗರಣೆ, ಎಲ್ಲ ಗೋಡೆಯ ಸುಣ್ಣದೊಳಗೇ ಸೇರಿಹೋಗಿವೆ. ಅಂಗಳದಲ್ಲಿ ಕೂತರೆ ಓಣಿಯೆಲ್ಲ ನೋಡುತ್ತದೆ. ಉಳಿದದ್ದು ಪಡಸಾಲೆ, ಅವ್ವನ ಮಂಚದ ಎದುರಿನ ಕಿಟಕಿಯ ಬಳಿಯ ಜಾಗ. ಬೆಳಿಗ್ಗೆ ಓಣಿಯ ಮನೆಗಳಲ್ಲಿ ಒಗ್ಗರಣೆ ಬೀಳುವ ಮೊದಲು, ನಾಲಿಗೆ ಇನ್ನೂ ತಾಜಾ ಇರುವಾಗ, ನಾನು ಅಲ್ಲಿ ಚಾಪೆ ಹಾಸಿ ಕೂರುವೆ. ನನ್ನ ಬೆನ್ನನ್ನು ಅವ್ವನ ಕಡೆ ಮಾಡುತ್ತಿದ್ದೆ, ಅವ್ವ ತನ್ನ ಬೆನ್ನನ್ನು ನನ್ನ ಕಡೆ ಮಾಡುತ್ತಿದ್ದಳು. ಗೋಡೆಯ ಮೇಲಿನ ಫೋಟೊದಲ್ಲಿದ್ದ ಬುದ್ಧ ಮಾತ್ರ ಇಬ್ಬರನ್ನೂ ನೋಡುತ್ತ ಕೂತಿರುತ್ತಿದ್ದ.

ಬರೆಯುವುದರಲ್ಲೂ ಒಂದು ಫಜೀತಿ ಇತ್ತು. ವರದಿಯಲ್ಲಿ ಚೆರಿ, ಪ್ಲಮ್ಮು, ಪೀಚು ಎಂದೆಲ್ಲ ಬರೆಯಬೇಕು. ಅವನ್ನು ನಾನು ದೊಡ್ಡವಳಾದ ಮೇಲೆ ನೌಕರಿಗಾಗಿ ಅಂಗಡಿಯಿಂದ ತಂದು, ಪರೀಕ್ಷೆಗೆ ಓದುವವರ ಹಾಗೆ ತಿಂದು ಕಲಿತವಳು. ಮೂಗಿಗೆ ಮೊದಲು ಹೊಳೆಯುವುದು ಬಾರಿಹಣ್ಣು, ಹಣ್ಣಾದ ಹುಣಸೆ, ಗಾಣದ ಬೆಲ್ಲದ ಪಾಕ. ಮನಸ್ಸಿನಲ್ಲಿ ಬಾರಿಹಣ್ಣು ಎಂದುಕೊಂಡು ಕೈಯಲ್ಲಿ ಚೆರಿ ಎಂದು ಬರೆಯುತ್ತಿದ್ದೆ. ಯಾರೂ ತಪ್ಪು ಹಿಡಿಯಲಿಲ್ಲ.

ಸಣ್ಣ ಭಟ್ಟಿಯವರ ಮಾಲಿನ ಮೇಲೆ ನನಗೆ ಮೊದಲಿನಿಂದಲೂ ಮಮತೆ. ಅವರ ತಪ್ಪುಗಳಲ್ಲಿ ಮನುಷ್ಯರು ಕಾಣುತ್ತಾರೆ. ಭಟ್ಟಿಯಿಂದ ಮೊದಲು ಇಳಿಯುವ ಧಾರೆಯಲ್ಲಿ ಪೇಂಟಿನ ಘಾಟು ಇರುತ್ತದೆ, ಕೊನೆಯ ಧಾರೆಯಲ್ಲಿ ನೆನೆದ ಗೋಣಿಚೀಲದ ವಾಸನೆ. ಎರಡನ್ನೂ ಚೆಲ್ಲಿ ನಡುವಿನದನ್ನಷ್ಟೇ ಇಟ್ಟುಕೊಳ್ಳಬೇಕು. ಕೈ ಬಿಗಿಯಿದ್ದವನು ಚೆಲ್ಲಲು ಮನಸ್ಸು ಬಾರದೆ ಸ್ವಲ್ಪ ಸೇರಿಸಿಬಿಡುತ್ತಾನೆ, ನಮಗೆ ಅದು ಗೊತ್ತಾಗಿಬಿಡುತ್ತದೆ. ಇನ್ನು ಕೆಲವರಿಗೆ ವರ್ಷಗಟ್ಟಲೆ ಕಾಯುವ ತ್ರಾಣ ಇರುವುದಿಲ್ಲ. ಪುಟ್ಟ ಮರದ ಪೀಪಾಯಿಯಲ್ಲಿ ಹಾಕಿ ಬೇಗ ಹಣ್ಣು ಮಾಡಲು ಹೋಗುತ್ತಾರೆ, ಬಾಯಿಗಿಟ್ಟರೆ ಕಟ್ಟಿಗೆ ಅಡ್ಡೆಯ ಮುಂದೆ ನಿಂತ ಹಾಗಾಗುತ್ತದೆ. ಅಂಥವಕ್ಕೆ ಕಡಿಮೆ ಅಂಕ ಕೊಡಲೇಬೇಕು, ಕೊಡುತ್ತಿದ್ದೆ. ಆದರೆ ಕೆಳಗೆ ಎರಡು ಸಾಲು ಮೆತ್ತಗೆ ಬರೆಯುತ್ತಿದ್ದೆ: ಕಾಳು ಚೆನ್ನಾಗಿದೆ, ಇನ್ನಷ್ಟು ದಿನ ಇಟ್ಟರೆ ಒಳ್ಳೆಯದಾದೀತು ಎಂದು. ಯಾವುದೋ ಶೆಡ್ಡಿನಲ್ಲಿ ಯಾರೋ ಆ ಎರಡು ಸಾಲಿಗಾಗಿ ಕಾಯುತ್ತಿರುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಕು ಅವ್ವನಿಗೆ ಹಾಲು ಕೊಡಲು ಬಂದವಳು ಶೀಶೆಗಳ ಸಾಲನ್ನು ನೋಡಿ ಅಲ್ಲೇ ಕೂತುಬಿಟ್ಟಳು.

"ಎಷ್ಟು ನಮೂನಿ ಔಷಧ ಅದಾವವ್ವ ಇಲ್ಲಿ! ಮೊಣಕಾಲ ನೋವಿಗೆ ಇದರಾಗ ಯಾದರ ಒಂದು ಕೊಡಬಾರದಾ?"

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವ್ವ ಹೊರಳದೆಯೇ ಉತ್ತರ ಕೊಟ್ಟಳು. "ಅವು ಅಮೆರಿಕದವರ ಮೈಗೆ ಮಾಡಿದ್ದು. ನಮ್ಮ ಮೈಗೆ ಹೊಂದಂಗಿಲ್ಲ. ತಗೊಂಡ್ರ ಇದ್ದ ಮೊಣಕಾಲೂ ಹೋಗ್ತಾವ."

ಕಾಕು ಗಾಬರಿಯಾಗಿ ಎದ್ದು ಹೋದಳು. ನನಗೆ ನಗು ತಡೆಯಲಾಗಲಿಲ್ಲ. ಅವ್ವನ ಭುಜವೂ ಅಲುಗಿದ್ದನ್ನು ನೋಡಿದೆ. ನಗುತ್ತಿದ್ದಳೋ ಏನೋ ಕೇಳಲು ಧೈರ್ಯವಾಗಲಿಲ್ಲ. ನನಗಾಗಿ ಸುಳ್ಳು ಹೇಳಿದ್ದಳು, ಅಷ್ಟು ಸಾಕಾಗಿತ್ತು. ಅಪ್ಪನಿಗಾಗಿಯೂ ಹಾಗೇ ಹೇಳುತ್ತಿದ್ದಳು ಎಂಬುದು ಆಮೇಲೆ ನೆನಪಾಗಿ ನಗು ನಿಂತುಹೋಯಿತು.

ಅದರ ಮರುದಿನವೋ ಏನೋ, ನಾನು ಚಾಪೆ ಹಾಸುವಾಗ ಅವ್ವ, "ಈ ಕಡಿ ಮುಖ ಮಾಡಿ ಕೂಡು" ಎಂದಳು. ದಿಂಬಿಗೆ ಒರಗಿ, ಪ್ಲಾಸ್ಟರಿನ ಕಾಲು ಚಾಚಿ ಕೂತಿದ್ದಳು. "ಏನು ಮಾಡ್ತೀ ನೋಡ್ತೀನಿ."

ಇಷ್ಟು ವರ್ಷ ಹೇಳಿ ಹೇಳಿ ಸಾಕಾದವಳಿಗೆ ಕೊನೆಗೂ ತೋರಿಸುವ ಅವಕಾಶ ಸಿಕ್ಕಿತ್ತು. ಖುಷಿಯಾಗಬೇಕಿತ್ತು. ಆದರೆ ಶೀಶೆಗಳನ್ನು ಮತ್ತೆ ಮತ್ತೆ ಸಾಲು ಮಾಡುತ್ತ ಕೂತೆ. ಮೊದಲ ಶೀಶೆ ತೆಗೆದು ಗ್ಲಾಸಿಗೆ ಹಾಕಿದೆ. ಎರಡು ಹನಿ ನೀರು ಬೆರೆಸಿದೆ. ಮೂಸಿದೆ, ಗುಟುಕು ತೆಗೆದುಕೊಂಡೆ, ಆಡಿಸಿದೆ, ಡಬ್ಬಿಗೆ ಉಗುಳಿದೆ, ಬರೆದೆ. ಎರಡನೆಯದೂ ಹಾಗೇ ಆಯಿತು. ಅವ್ವನ ಕಣ್ಣು ನನ್ನ ಗಂಟಲಿನ ಮೇಲಿತ್ತು. ಎತ್ತು ಕೊಳ್ಳುವವರು ಹಲ್ಲು ನೋಡುವಂತೆ ಗಂಟಲು ನೋಡುತ್ತಿದ್ದಳು.

"ಹೊರಗ ತೋರಿಸಾಕ ಉಗುಳ್ತೀ. ಒಂದೀಟರ ಒಳಗ ಹೋಗ್ತದ," ಎಂದಳು.

"ಹೋಗಬಹುದು ಒಂದೆರಡು ಹನಿ. ಬಾಯಿ ತೊಳಕೊಳ್ಳುವಾಗ ನೀರು ಹೋಗಂಗಿಲ್ಲೇನು, ಹಂಗ."

ಅವಳು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ನಾನು ಮೂರನೆಯ ಶೀಶೆಯ ಮುಚ್ಚಳ ತೆಗೆದೆ.

ಮೂಗಿಗೆ ಬಂದದ್ದು ಜೋಳ. ಅಮೆರಿಕದವರ ವಿಸ್ಕಿಯಲ್ಲಿ ಸಾಮಾನ್ಯವಾಗಿ ಇರುವ ಗೋವಿನಜೋಳ ಅಲ್ಲ, ನಮ್ಮ ಬಿಳಿಜೋಳದ ಜಾತಿಯದು. ಅಲ್ಲಿ ಕೆಲವರು ಅದರಿಂದಲೂ ಇಳಿಸುತ್ತಾರೆಂದು ಕೇಳಿದ್ದೆ, ಕೈಗೆ ಸಿಕ್ಕಿದ್ದು ಅದೇ ಮೊದಲು. ಬರೀ ಜೋಳವೂ ಅಲ್ಲ, ಸೀತನಿ. ಹಾಲು ತುಂಬಿದ ಹಸಿ ತೆನೆಯನ್ನು ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನುವ ಸೀತನಿ. ಕಾಲುವೆ ಬಂದು ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ನಮ್ಮ ಕಡೆ ಅದು ಅಪರೂಪವಾಗಿತ್ತು. ನಾನು ಚಿಕ್ಕವಳಿದ್ದಾಗ ಅಪ್ಪನ ಗೇಟಿನ ಪಕ್ಕದ ಒಂದೆರಡು ಹೊಲಗಳಲ್ಲಿ ಇನ್ನೂ ಜೋಳವಿತ್ತು. ಚಳಿಗಾಲದ ಬೆಳಿಗ್ಗೆ ಅವನು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದು, ತಾನೇ ಬೆಂಕಿ ಮಾಡಿ, ಸುಡುವ ತೆನೆಯನ್ನು ಬರಿಗೈಯಲ್ಲಿ ತಿಕ್ಕಿ, ಮೊದಲ ಹಿಡಿಯನ್ನು ಅವ್ವನ ಸೆರಗಿಗೆ ಹಾಕುತ್ತಿದ್ದ. ಅಂಥ ಬೆಳಿಗ್ಗೆಗಳಲ್ಲಿ ಅವನ ಮೈಯಿಂದ ಬರುತ್ತಿದ್ದುದು ಹೊಗೆಯ ವಾಸನೆ ಮಾತ್ರ.

ಗುಟುಕನ್ನು ಬಾಯಿಗೆ ಹಾಕಿಕೊಂಡೆ. ಯಾರು ಮಾಡಿದ್ದರೋ, ಚೆಲ್ಲಬೇಕಾದ್ದನ್ನೆಲ್ಲ ಚೆಲ್ಲಿ, ಕಾಯಬೇಕಾದಷ್ಟು ಕಾದು ಮಾಡಿದ್ದರು. ನಾಲಿಗೆಯ ಮೇಲೆ ಬೆಲ್ಲ ಹಚ್ಚಿದ ಸೀತನಿಯ ರುಚಿ ಹರಡಿತು. ನನ್ನ ಕಣ್ಣು ತಾನಾಗಿ ಮುಚ್ಚಿತು. ಉಗುಳುವ ಹೊತ್ತು ಬಂದು ಹೋಯಿತು, ನನಗೆ ಉಗುಳಲು ಮನಸ್ಸಾಗಲಿಲ್ಲ. ಇಷ್ಟು ವರ್ಷಗಳ ನೌಕರಿಯಲ್ಲಿ ನುಂಗಬೇಕು ಎಂದು ಅಷ್ಟು ಬಲವಾಗಿ ಅನ್ನಿಸಿದ್ದು ಅದೊಂದೇ ಸಲ.

ಕಣ್ಣು ತೆರೆದರೆ ಅವ್ವ ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಪ್ಪನನ್ನು ದವಾಖಾನೆಗೆ ಒಯ್ಯುವ ದಿನ ಅವಳ ಮುಖ ಹೇಗಿತ್ತೋ ಹಾಗಿತ್ತು. ಬೇಡ ಎನ್ನಲಿಲ್ಲ. ಬೇಡ ಎಂದು ಹೇಳಿ ಪ್ರಯೋಜನವಿಲ್ಲವೆಂದು ಅವಳು ಬಹಳ ಹಿಂದೆಯೇ ಕಲಿತಿದ್ದಳು.

ನಾನು ಡಬ್ಬಿ ಎತ್ತಿಕೊಂಡು ಉಗುಳಿದೆ. ಪೂರ್ತಿ ಉಗುಳಿದೆ. ನೀರು ಮುಕ್ಕಳಿಸಿ ಮತ್ತೆ ಉಗುಳಿದೆ.

ಬೀದಿಯಲ್ಲಿ ಯಾರೋ ಸೈಕಲ್ಲಿನವನು ಬೆಲ್ಲು ಹೊಡೆಯುತ್ತ ಹೋದ.

"ಭಾಳ ಚಲೋ ಇತ್ತೇನದು?" ಅವ್ವ ಕೇಳಿದಳು.

"ಭಾಳ ಚಲೋ ಇತ್ತವ್ವ. ಸೀತನಿ ಹಂಗ ಇತ್ತು."

"ನುಂಗಬೇಕು ಅನಿಸ್ತಿತ್ತಾ?"

ಇಲ್ಲ ಎನ್ನುವುದು ಸುಲಭವಿತ್ತು. ಆ ಮನೆಯಲ್ಲಿ ಈ ಪ್ರಶ್ನೆಗೆ ಇಲ್ಲ ಎಂಬ ಉತ್ತರವನ್ನು ಅವಳು ಸಾಕಷ್ಟು ಕೇಳಿದ್ದಳು.

"ಅನಿಸ್ತವ್ವ," ಎಂದೆ. "ಖರೇನ ಅನಿಸ್ತು."

ಅವ್ವ ನನ್ನನ್ನೇ ನೋಡಿದಳು. ಮಂಚದ ಪಟ್ಟಿ ಹಿಡಿದಿದ್ದ ಕೈ ಸಡಿಲಾಯಿತು. ಸೆರಗಿನಿಂದ ಒಂದು ಕಣ್ಣು ಒರೆಸಿಕೊಂಡಳು, ಆಮೇಲೆ ಇನ್ನೊಂದು. ಇಷ್ಟು ವರ್ಷ ನಾನು ಹೇಳಿದ್ದ ಒಂದು ಮಾತನ್ನೂ ನಂಬದವಳು ಈ ಒಂದನ್ನು ನಂಬಿದ್ದಳು.

"ಅನಿಸಿದ್ರೂ ಉಗುಳಿದಿ," ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, ನನಗಲ್ಲ ತನಗೇ ಎಂಬಂತೆ, "ಇಷ್ಟು ನಿಮ್ಮಪ್ಪಗ ಬಂದಿದ್ರ, ಇವತ್ತ ಇಲ್ಲೇ ಕುಂತಿರ್ತಿದ್ದ" ಎಂದಳು.

ವರದಿಯ ಹಾಳೆಯನ್ನು ಮುಂದೆ ಎಳೆದುಕೊಂಡೆ, ಅಕ್ಷರ ಕಾಣಿಸಲಿಲ್ಲ. ಅವ್ವ ಕಾಲನ್ನು ಎಳೆದುಕೊಂಡು ಮಂಚದ ಅಂಚಿಗೆ ಸರಿದು, ನಾನು ಉಗುಳಿದ್ದ ಡಬ್ಬಿಯನ್ನು ಕೈಯಲ್ಲಿ ತೆಗೆದುಕೊಂಡಳು. ಒಳಗೆ ಇಣುಕಿ ನೋಡಿದಳು. ಶೀಶೆಗಳ ಸದ್ದಿಗೇ ಗೋಡೆಯ ಕಡೆ ಹೊರಳಿದ್ದವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಬಾಯಿಯ ಮಟ್ಟಕ್ಕೆ ಚಾಚಿದಳು.

"ಮುಂದಿಂದು ತಗೀ," ಎಂದಳು.